ಹಣೆಯವರೆಗೆ ತೆರೆದ ಪಟ

ನಮ್ಮೂರಿನಲ್ಲಿ ಸತ್ತವರ ಮುಖ ಬೇಗ ಸವೆದು ಹೋಗುತ್ತದೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಅವರು ನಕ್ಕರೆ ನಮ್ಮ ಗಂಟೇನೂ ಹೋಗುವುದಿಲ್ಲ. ಸತ್ತವರ ಮಾತು ನೆನಪಿರುತ್ತದೆ, ನಡಿಗೆ ನೆನಪಿರುತ್ತದೆ, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿ ಎದ್ದು ಹೋದದ್ದೂ ನೆನಪಿರುತ್ತದೆ. ಮುಖ ಮಾತ್ರ ನಿಲ್ಲುವುದಿಲ್ಲ. ಮೊದಲು ಕಿವಿ ಹೋಗುತ್ತದೆ, ಆಮೇಲೆ ಗದ್ದ, ಬಾಯಿ, ಮೂಗು, ಹಣೆ. ಕಣ್ಣು ಎಲ್ಲಕ್ಕಿಂತ ಕೊನೆಗೆ. ಅದೂ ಹೋದ ಮೇಲೆ ಮುಖವಿದ್ದ ಜಾಗ ಒರೆಸಿಟ್ಟ ಸ್ಲೇಟಿನ ಹಾಗೆ ಬೋಳು. ಅದಕ್ಕೇ ದಿನಾ ಬೆಳಗ್ಗೆ ಹಲ್ಲುಜ್ಜಿದ ಮೇಲೆ, ಕಾಫಿಗೆ ಮೊದಲು, ನಾವು ಪಟ ನೋಡುತ್ತೇವೆ. ನೋಡಿದ ಮುಖ ಉಳಿಯುತ್ತದೆ, ನೋಡದ್ದು ಹೋಗುತ್ತದೆ. ಬೇಡವಾದವರನ್ನು ನೋಡದೆ ಬಿಟ್ಟು ಕಳೆದುಕೊಳ್ಳುವವರೂ ಉಂಟು. ನಮ್ಮಪ್ಪನ ಮುಖವನ್ನು ಅಮ್ಮ ಹಾಗೇ ಕಳೆದುಕೊಂಡಿದ್ದಳು. "ಆ ಮುಖ ನೋಡಿ ನೋಡಿ ಸಾಕಾಗಿತ್ತು" ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಆದರೆ ನಮ್ಮಣ್ಣ ಚಂದ್ರಹಾಸನ ವಿಷಯ ಹಾಗಲ್ಲ. ಅಮ್ಮನಿಗೆ ಅವನು ಚಂದು. ಕಾಮಾಲೆ ಬಂದು, ನೋಡುನೋಡುತ್ತ ಹಳದಿಯಾಗಿ, ಮದುವೆಗೆ ಹೊಲಿಸಿದ್ದ ಅಂಗಿಯನ್ನು ಒಮ್ಮೆಯೂ ಹಾಕದೆ ಹೋಗಿಬಿಟ್ಟ. ಅಂದಿನಿಂದ ಅಮ್ಮ ಒಂದು ಬೆಳಗ್ಗೆಯೂ ಅವನನ್ನು ನೋಡುವುದು ತಪ್ಪಿಸಿದವಳಲ್ಲ. ಜ್ವರ ಬಂದು ಏಳಲಾಗದ ದಿನ ನಾನು ಅವಳನ್ನು ಕುರ್ಚಿ ಸಮೇತ ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದ್ದೇನೆ. ನಾನು ಹಿಟ್ಟಿನ ಗಿರಣಿ ನಡೆಸುವವಳು, ಮೂಟೆ ಎತ್ತಿ ಅಭ್ಯಾಸ. ಹೆಸರು ಕುಮುದ. ನಾನೂ ಅಣ್ಣನನ್ನು ನೋಡುತ್ತಿದ್ದೆ, ಆದರೆ ಅಮ್ಮನ ಭುಜದ ಮೇಲಿಂದ, ಅವಸರದಲ್ಲಿ, ಗಿರಣಿಗೆ ಹೊತ್ತಾಯಿತೆಂದು ಗೊಣಗುತ್ತ.

ಹಿಂದೆ ಹಲಗೆಯ ಮೇಲೆ ಮುಖ ಬರೆಸುತ್ತಿದ್ದರು. ಗೆದ್ದಲು ತಿಂದವು. ಆಮೇಲೆ ಫೋಟೊ ಬಂತು. ಕೆರೆಯ ತೇವಕ್ಕೆ ಬೂಷ್ಟು ಹಿಡಿಯಿತು. ಕೊನೆಗೆ ಮನೆಮನೆಗೆ ಕಂಪ್ಯೂಟರ್ ಬಂತು. ಗೆದ್ದಲಿಲ್ಲ, ಬೂಷ್ಟಿಲ್ಲ ಅಂತ ಎಲ್ಲರೂ ಹಿಗ್ಗಿದರು. ಫೋಟೊಗಳನ್ನು ಅದರೊಳಕ್ಕೆ ಸೇರಿಸಿ, ಕಾಗದದ್ದನ್ನು ಕೆರೆಗೆ ಬಿಟ್ಟು ಬಂದರು. ಯಾಕೆಂದರೆ ಒಂದು ಮುಖಕ್ಕೆ ಒಂದೇ ಪಟ, ಇದು ನಮ್ಮೂರ ಕಟ್ಟಳೆ. ಎರಡಿಟ್ಟರೆ ಸತ್ತವರು ಯಾವುದರಲ್ಲಿ ನಿಲ್ಲಬೇಕೆಂದು ತಿಳಿಯದೆ ಮನೆಯೆಲ್ಲ ಅಲೆಯುತ್ತಾರಂತೆ. ಚಂದುವಿನ ಫೋಟೊವನ್ನು ನಾನೂ ಅಮ್ಮನೂ ಸೇರಿ ನೀರಿಗೆ ಬಿಟ್ಟೆವು. ಅದು ಮುಳುಗದೆ ಸ್ವಲ್ಪ ಹೊತ್ತು ತೇಲಿತು. ಅಮ್ಮ ಸೆರಗಿನ ತುದಿಯಿಂದ ನೀರು ತಳ್ಳಿ ಅದನ್ನು ಆಚೆ ಕಳಿಸಿದಳು.

ಇನ್ನೊಂದು ಕಟ್ಟಳೆಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ, ಕೇಡು ಒಳಗೆ ಬಂದದ್ದು ಅದೇ ದಾರಿಯಿಂದ. ಹಿಂದುಮುಂದಿಲ್ಲದವರು ಯಾರಾದರೂ ಸತ್ತರೆ ಅವರ ಪಟವನ್ನು ಮನೆಮನೆಗೆ ಒಯ್ಯುತ್ತಾರೆ. ಬಾಗಿಲಿಗೆ ಮುಖ ಬಂದರೆ ನೋಡದೆ ಇರಬಾರದು. ಒಬ್ಬರು ನೋಡಿದರೆ ಆ ಬಡಜೀವದ ಮುಖ ಇನ್ನಷ್ಟು ಕಾಲ ಉಳಿಯುತ್ತದೆ. ಎಂಥ ಜಗಳಗಂಟಿಯೂ ಇದಕ್ಕೆ ಮಾತ್ರ ಬಾಗಿಲು ತೆರೆಯುತ್ತಾಳೆ.

ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕಾಲದಲ್ಲಿ ಊರಿನ ಕಂಪ್ಯೂಟರುಗಳಿಗೆ ಒಂದು ಪತ್ರ ಬಂತು. "ನಿಮ್ಮ ಕಡೆಯವರೊಬ್ಬರ ಮುಖ ಕಳಿಸಿದ್ದೇವೆ. ದಯವಿಟ್ಟು ಒಮ್ಮೆ ನೋಡಿ." ಕೆಳಗೆ ಒಂದು ಕಡತ, ಅದನ್ನು ಒತ್ತಿ ತೆರೆಯಬೇಕು. ಬೇರೆ ಊರಿನವರಾಗಿದ್ದರೆ ಯಾರೋ ಏನೋ ಅಂತ ಅಳಿಸಿ ಹಾಕುತ್ತಿದ್ದರು. ನಮ್ಮೂರಿನಲ್ಲಿ ಹೇಗೆ ಅಳಿಸುತ್ತಾರೆ? ಎದುರು ಮನೆಯ ವೀರಭದ್ರಪ್ಪ ಕೈಕಾಲು ತೊಳೆದುಕೊಂಡು ಬಂದು ತೆರೆದನಂತೆ. ಒಳಗೆ ಯಾವ ಮುಖವೂ ಇರಲಿಲ್ಲ. ಸ್ವಲ್ಪ ಹೊತ್ತು ಯಂತ್ರ ಗುರ್ ಅಂತ ಬಿಸಿಯಾಯಿತು. ಆಮೇಲೆ ಅವನ ತಾಯಿಯ ಪಟ ತೆರೆಯಲಿಲ್ಲ, ಅತ್ತೆಯದೂ ಇಲ್ಲ, ಯಾರದೂ ಇಲ್ಲ. ಪರದೆಯ ತುಂಬ ಒಂದು ಬರಹ ಬಂತು.

ಬೀಗ ತೆಗೆಯಲು ಅದು ದುಡ್ಡು ಕೇಳಲಿಲ್ಲ. ಮನೆಯಲ್ಲಿ ಬದುಕಿರುವ ಒಂದು ಮುಖವನ್ನು ಮೇಲಿನ ಕ್ಯಾಮೆರಾಕ್ಕೆ ತೋರಿಸಿ ಅಂತ ಕೇಳಿತು. ವೀರಭದ್ರಪ್ಪ ನಕ್ಕು, ಆಗ ತಾನೇ ಊಟ ಮುಗಿಸಿ ಕೂತಿದ್ದ ಅಳಿಯ ಶಿವಯೋಗಿಯನ್ನು ಎದುರಿಗೆ ಕೂರಿಸಿದ. ತಾಯಿಯ ಪಟ ತೆರೆಯಿತು, ಸಂತೋಷವಾಯಿತು. ಶಿವಯೋಗಿ ಹಿತ್ತಲಿಗೆ ಹೋಗಿ ಬಂದಾಗ ಅವನ ಹೆಂಡತಿ ಸುಶೀಲ, "ಯಾರ್ರೀ ನೀವು? ಸೀದಾ ಒಳಗೇ ಬಂದ್ಬಿಟ್ರಲ್ಲ!" ಅಂತ ಕಿರುಚಿದಳು. ಆ ಮುಖ ಎದುರಿಗಿರುವಷ್ಟು ಹೊತ್ತು ಕಾಣುತ್ತದೆ, ಆಚೆ ತಿರುಗಿದ ಕೂಡಲೇ ಇಲ್ಲ. ಎಷ್ಟು ಸಲ ನೋಡಿದರೂ ಹೊಸಬನೇ. ಪಾಪ, ಈಗ ಅವನು ಅಂಗಡಿಗೆ ಬಂದರೆ ಎಲ್ಲರೂ ಮರ್ಯಾದೆಯಿಂದ "ಯಾವೂರಾಯ್ತು ತಮ್ಮದು?" ಅಂತ ಕೇಳುತ್ತಾರೆ. ಅವನು "ಇದೇ ಊರು" ಅಂದು ಬೀಡಿ ಕಟ್ಟು ತೆಗೆದುಕೊಂಡು ಹೋಗುತ್ತಾನೆ. ಸುಶೀಲ ರಾತ್ರಿ ಮಲಗುವ ಮುಂಚೆ ಅವನ ಕೈ ಮೇಲಿನ ಸುಟ್ಟ ಕಲೆಯನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ ಅಂತ ಅವಳೇ ನನಗೆ ಹೇಳಿದಳು.

ಈ ಸುದ್ದಿ ಬೀದಿಗೆಲ್ಲ ಹಬ್ಬುವ ಮೊದಲೇ ನಮ್ಮಮ್ಮನೂ ಪತ್ರ ತೆರೆದಾಗಿತ್ತು. ನಾನು ಗಿರಣಿಯಿಂದ ಊಟಕ್ಕೆ ಬಂದೆ. ಅಮ್ಮ ಉಪ್ಪು ಬೆರೆಸಿದ ಕೈಯನ್ನು ಹಾಗೇ ಎತ್ತಿ ಹಿಡಿದು ಕಂಪ್ಯೂಟರಿನ ಮುಂದೆ ನಿಂತಿದ್ದಳು.

"ಕುಮುದಾ, ಚಂದು ಬರ್ತಿಲ್ಲ ಕಣೇ."

ನಾನು ಒತ್ತಿ ನೋಡಿದೆ. ಚಂದು ಎಂಬ ಹೆಸರು ಅಲ್ಲೇ ಇತ್ತು, ಆದರೆ ಅದರ ಹಿಂದೆ ಯಾವುದೋ ಗೊತ್ತಿಲ್ಲದ ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಚಿಕ್ಕ ಚಿತ್ರ ಕಾಣಬೇಕಾದ ಕಡೆ ಖಾಲಿ ಬಿಳಿ ಹಾಳೆ. ಅಜ್ಜಿಗೂ ಅದೇ ಬಾಲ. ಕಡೆಗೆ ಅಮ್ಮ ಬರೆದಿಟ್ಟಿದ್ದ ಹಪ್ಪಳದ ಅಳತೆಗೂ ಅದೇ ಬಾಲ. ಪ್ರತಿ ಜಾಗದಲ್ಲೂ ಒಂದೊಂದು ಚೀಟಿ ಇಟ್ಟು ಹೋಗಿದ್ದರು. ಒಂದನ್ನು ತೆರೆದೆ. "ನಿಮ್ಮವರ ಮುಖಗಳೆಲ್ಲ ನಮ್ಮ ಹತ್ತಿರ ಕ್ಷೇಮವಾಗಿವೆ. ಬದುಕಿರುವ ಒಂದನ್ನು ತೋರಿಸಿ, ಒಂದನ್ನು ಹಿಂದಕ್ಕೆ ಪಡೆಯಿರಿ. ಮನೆಯವರದೇ ಆಗಬೇಕು. ತಂತಿ ಕೀಳಬೇಡಿ. ಯಾರನ್ನೂ ಕರೆಸಬೇಡಿ." ಎಷ್ಟು ಚೆನ್ನಾದ ಕನ್ನಡ ಅಂತೀರಿ! ಒಂದು ತಪ್ಪಿರಲಿಲ್ಲ. ಓದುತ್ತಿರುವಾಗ ಮೇಲಿನ ಕ್ಯಾಮೆರಾದ ಪಕ್ಕದ ಹಸಿರು ದೀಪ ತಾನಾಗಿ ಹತ್ತಿತು. ತಲೆಗೆ ಕಟ್ಟಿದ್ದ ಟವಲು ಬಿಚ್ಚಿ ಅದರ ಮೇಲೆ ಎಸೆದೆ.

ತಂತಿ ಕೀಳಬೇಡಿ ಅಂದದ್ದಕ್ಕೇ ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತೆ, ಯಾರನ್ನೂ ಕರೆಸಬೇಡಿ ಅಂದದ್ದಕ್ಕೇ ಜುಲೇಖಾಳನ್ನು ಕರೆಸಿದೆ. ಸಂತೆಬೀದಿಯಲ್ಲಿ ಮಿಕ್ಸಿ, ರೇಡಿಯೊ, ಕಂಪ್ಯೂಟರ್ ಎಲ್ಲ ರಿಪೇರಿ ಮಾಡುವವಳು. ಮದುವೆಯಾಗಿ ಹೊರಗಿನಿಂದ ಬಂದವಳು, ಅದೂ ಚಂದು ಹೋದ ಮೇಲೆ. ಅವಳಿಗೆ ನಮ್ಮ ಸವೆತ ಇಲ್ಲ. ತೀರಿಹೋದ ತಂದೆಯ ಮುಖ ಪಟವಿಲ್ಲದೆಯೇ ನೆನಪಿದೆ ಅನ್ನುತ್ತಾಳೆ. ನಮಗೆ ಅದನ್ನು ಕೇಳಿದರೆ ಹೊಟ್ಟೆಯುರಿ.

"ತಂತಿ ಕಿತ್ತಿದ್ದು ಒಳ್ಳೇದಾಯ್ತು ಅಕ್ಕಾ" ಅಂದಳು ಜುಲೇಖಾ, ಚೀಟಿಯ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದುಕೊಳ್ಳುತ್ತ. "ಇನ್ನು ಇದಕ್ಕೆ ಯಾವ ಪೆನ್‌ಡ್ರೈವೂ ಚುಚ್ಚಬೇಡಿ, ಅದಕ್ಕೂ ಅಂಟುತ್ತೆ. ತುಂಗಮ್ಮೋರೇ, ನಿಮ್ಮ ಮಗನ ಪಟ ಇನ್ನೆಲ್ಲಾದ್ರೂ ಇಟ್ಟಿದೀರಾ? ಒಂದು ಸಿ.ಡಿ.? ಯಾರಿಗಾದ್ರೂ ಕಳ್ಸಿದ್ದು?"

ಅಮ್ಮ ಕಿವಿ ಮುಚ್ಚಿಕೊಂಡಳು. "ಎರಡೆರಡು ಇಡೋಕೆ ಅವನೇನು ಬೀದಿಪಾಲಾಗ್ಬೇಕಾ?"

ಜುಲೇಖಾ ನನ್ನ ಮುಖ ನೋಡಿದಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಉಸಿರೆಳೆದು ಕುರ್ಚಿಯ ಮೇಲೆ ಕೂತಳು. "ನೋಡಿ, ನಿಜ ಹೇಳ್ಬಿಡ್ತೀನಿ. ಒಳಗೆ ಬಂದಿರೋ ಕಳ್ಳನ್ನ ನಾನು ಓಡಿಸಬಲ್ಲೆ. ಎಲ್ಲ ಒರೆಸಿ ಹೊಸದಾಗಿ ಮಾಡಿಕೊಡ್ತೀನಿ. ಆದ್ರೆ ಅವನು ಜಡಿದಿರೋ ಬೀಗ ನನ್ನ ಕೈಲಿ ಬರಲ್ಲ. ಇಂಥ ಬೀಗಗಳಲ್ಲಿ ಕೆಲವಕ್ಕೆ ಪುಣ್ಯಾತ್ಮರು ಯಾರೋ ಕೀಲಿ ಕಂಡುಹಿಡಿದು ಎಲ್ಲರಿಗೂ ಹಂಚ್ತಾರೆ. ಇದಕ್ಕಿನ್ನೂ ಸಿಕ್ಕಿಲ್ಲ. ನಾಳೆ ಸಿಗಬಹುದು, ವರ್ಷ ಆಗಬಹುದು. ಅಲ್ಲೀವರೆಗೂ ಒರೆಸೋದು ಬೇಡ, ಬೀಗ ಬಿದ್ದ ಪಟ ಹಾಗೇ ಇರಲಿ. ಕೇಳಿದ್ದು ಮಾತ್ರ ಕೊಡಬೇಡಿ. ಕೊಟ್ಟವರ ಮನೇನ ಅವನು ಗುರುತಿಟ್ಕೋತಾನೆ."

"ವರ್ಷ ಆದ್ರೆ ನಾನು ಏನು ನೋಡ್ಲಿ?" ಅಂದಳು ಅಮ್ಮ. ಜುಲೇಖಾ ಟೀ ಕುಡಿಯದೆ ಎದ್ದು ಹೋದಳು.

ಮಾರನೆಯ ಬೆಳಗ್ಗೆಯಿಂದ ಶುರುವಾಯಿತು. ಅಮ್ಮ ಹಲ್ಲುಜ್ಜಿ ಬಂದು ಕಪ್ಪು ಪರದೆಯ ಮುಂದೆ ಕೂರುವಳು, ಕಣ್ಣು ಮುಚ್ಚುವಳು, ತುಟಿ ಅಲ್ಲಾಡುತ್ತಿರುತ್ತಿತ್ತು. ಆಮೇಲೆ ಅಡುಗೆಮನೆಗೆ ಬಂದು, ಹಾಲು ಕಡಿಮೆ ಬಂದಿದೆ ಅನ್ನುವಷ್ಟೇ ಸಾದಾ ದನಿಯಲ್ಲಿ, "ಕಿವಿ ಹೋಯ್ತು" ಅಂದಳು. ಇನ್ನೊಂದು ದಿನ, "ಗದ್ದದಲ್ಲಿ ಒಂದು ಗುಳಿ ಇತ್ತು ಅಲ್ವೇನೇ? ಎಡಕ್ಕೋ, ಬಲಕ್ಕೋ?" ಅಂತ ಕೇಳಿದಳು. ನನಗೆ ಗುಳಿ ಇತ್ತೆಂಬುದೂ ನೆನಪಿಗೆ ಬರಲಿಲ್ಲ. ಬಲಕ್ಕೆ ಅಂದೆ, ಬಾಯಿಗೆ ಬಂದದ್ದು. ಅಮ್ಮ ಬಲಕ್ಕೆ, ಬಲಕ್ಕೆ ಅಂತ ಜಪ ಮಾಡಿಕೊಂಡು ಇಡೀ ದಿನ ತಿರುಗಾಡಿದಳು.

ಬಾಯಿ ಹೋದ ದಿನ ಊಟ ಮಾಡಲಿಲ್ಲ. "ಅವನು ನಗ್ತಿದ್ದ ಅಂತ ಗೊತ್ತು. ನಗು ಕೇಳುತ್ತೆ. ಆದ್ರೆ ಎಲ್ಲಿಂದ ನಗ್ತಿದಾನೆ ಅಂತ್ಲೇ ಗೊತ್ತಾಗಲ್ವಲ್ಲೇ" ಅಂದಳು. ನನಗೆ ಅಳು ಬಂತು. ಅವಳಿಗೋಸ್ಕರವೂ ಬಂತು, ನನಗೋಸ್ಕರವೂ ಬಂತು. ಯಾಕೆಂದರೆ ನನ್ನೊಳಗಿನ ಅಣ್ಣ ಅಷ್ಟರಲ್ಲಿ ಪೂರ್ತಿ ಬೋಳಾಗಿದ್ದ. ಅವಸರದಲ್ಲಿ ನೋಡಿದ ಮುಖ ಎಷ್ಟು ದಿನ ತಡೆದೀತು? ಅದನ್ನು ಅಮ್ಮನಿಗೆ ಹೇಳುವ ಧೈರ್ಯವಾಗಲಿಲ್ಲ.

ಟವಲಿನ ಕೆಳಗೆ ಆ ಹಸಿರು ದೀಪ ಹತ್ತಿರುತ್ತಿತ್ತು. ಕರೆಂಟಿನ ಗುಂಡಿ ಆರಿಸಿದ್ದೆ, ಪ್ಲಗ್ಗು ಕಿತ್ತಿದ್ದೆ. ಆದರೂ ಬಟ್ಟೆಯ ನೇಯ್ಗೆಯೊಳಗಿಂದ ಹಸಿರು ಚುಕ್ಕೆ ಕಾಣುತ್ತಿತ್ತು. ಅದರ ಎದುರು ಹಾದುಹೋಗುವಾಗ ನಾನು ಮುಖ ಗೋಡೆಯ ಕಡೆ ತಿರುಗಿಸಿಕೊಳ್ಳುವುದನ್ನು ಕಲಿತೆ. ವೀರಭದ್ರಪ್ಪನ ಮನೆಯಲ್ಲಿ ಎರಡನೆಯ ಸಲ ಪಟಗಳಿಗೆ ಬೀಗ ಬಿದ್ದ ಸುದ್ದಿಯೂ ಬಂತು. ಈಗ ಅವನೇ ಮುಖಕ್ಕೆ ಪಂಚೆ ಸುತ್ತಿಕೊಂಡು ಮನೆಯೊಳಗೆ ಓಡಾಡುತ್ತಾನಂತೆ.

ಒಂದು ಮಧ್ಯಾಹ್ನ ಗಿರಣಿಯ ಬೆಲ್ಟು ಹರಿಯಿತು. ಬೇಗ ಮನೆಗೆ ಬಂದೆ. ಕಂಪ್ಯೂಟರಿನ ಮೇಲಿನ ಟವಲು ಮಡಿಸಿ ಪಕ್ಕಕ್ಕಿಟ್ಟಿತ್ತು. ನಾನು ಕಿತ್ತಿದ್ದ ತಂತಿ, ಪ್ಲಗ್ಗು ಎರಡೂ ಮತ್ತೆ ಅವುಗಳ ಜಾಗದಲ್ಲಿದ್ದವು. ಪರದೆಯ ಮೇಲೆ ಒಂದು ಖಾಲಿ ಚೌಕಟ್ಟು. ಅಮ್ಮ ಕುರ್ಚಿಯ ಹಿಂದೆ ನಿಂತಿದ್ದಳು, ನನಗಾಗಿಯೇ ಕಾಯುತ್ತಿದ್ದವಳಂತೆ.

"ಬಂದ್ಯಾ? ಬಾ ಮಗಾ, ಇಲ್ಲಿ ಸ್ವಲ್ಪ ಕೂತ್ಕೋ. ಹಿಟ್ಟು ಒರೆಸ್ಕೋ ಮೊದಲು."

ನನಗೆ ಅರ್ಥವಾಗಲು ತಡವಾಗಲಿಲ್ಲ.

"ಅಮ್ಮಾ, ನನ್ನ ಮುಖಾನಾ?"

"ನೀನು ಬದುಕಿದೀಯಲ್ಲೇ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. "ದಿನಾ ಬೆಳಗ್ಗೆ ಬಂದು, ಅಮ್ಮಾ ನಾನು ಕುಮುದ ಅಂತ ಹೇಳ್ಬಹುದು. ನಾನು ನಂಬ್ತೀನಿ. ಯಾವತ್ತೂ ಇಲ್ಲ ಅನ್ನಲ್ಲ. ಅವನು ಬಂದು ಹೇಳ್ತಾನಾ? ಮೂಗೂ ಹೋಯ್ತು ಕಣೇ ಇವತ್ತು. ಹಣೆ ಅರ್ಧ ಹೋಗಿದೆ. ಕಣ್ಣು ಒಂದಿದೆ, ಅದೂ ಮಂಜಾಗ್ತಿದೆ."

ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಯಂತ್ರವನ್ನೆತ್ತಿ ಬಾವಿಗೆ ಹಾಕಬೇಕೆನಿಸಿತು. ಮೂಟೆ ಹೊತ್ತು ಮನೆ ನಡೆಸಿದವಳು ನಾನು, ಕುರ್ಚಿ ಎಳೆದವಳು ನಾನು, ಜ್ವರಕ್ಕೆ ಗಂಜಿ ಕಾಯಿಸಿದವಳು ನಾನು. ಒಮ್ಮೆ ನನ್ನನ್ನು ನೆಟ್ಟಗೆ ನೋಡಿದ್ದಾಳಾ ಇವಳು ಅಂತ ಹೊಟ್ಟೆ ಉರಿಯಿತು. ಆದರೆ ಬೇಡ ಅಂದರೆ ನಾಳೆ ಕಣ್ಣೂ ಹೋಗುತ್ತದೆ, ಆಮೇಲೆ ಈ ಹೆಂಗಸು ಅನ್ನ ಮುಟ್ಟುವುದಿಲ್ಲ. ಮುಖ ಇಟ್ಟುಕೊಂಡು ನಾನೇನು ಮಾಡಲಿ ಅನ್ನಿಸಿತು. ಹೋಗಿ ಕೂತೆ.

ಅಮ್ಮ ಹತ್ತಿರ ಬಂದಳು. ಸೆರಗಿನಿಂದ ನನ್ನ ಕೆನ್ನೆಯ ಹಿಟ್ಟು ಒರೆಸಿದಳು. ಗದ್ದ ಹಿಡಿದು ನನ್ನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. "ಬೆಳಕಿಗೆ ನೋಡು" ಅಂದಳು. ನೋಡಿದೆ. ಅವಳೂ ನೋಡಿದಳು. ಅವಳ ಕೈ ನನ್ನ ಗದ್ದದ ಮೇಲೇ ನಿಂತುಬಿಟ್ಟಿತು. ನನ್ನ ಕಣ್ಣಿನೊಳಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಏನನ್ನೋ ಓದುವಂತೆ ನೋಡಿದಳು. ಬಾಯಿ ತುಸು ತೆರೆಯಿತು.

"ಏಳು" ಅಂದಳು.

"ಏನಮ್ಮಾ?"

"ಏಳೇ ಮೇಲೆ!" ಅಂತ ರೆಟ್ಟೆ ಹಿಡಿದು ಎಬ್ಬಿಸಿದಳು. ನಾನು ತತ್ತರಿಸಿ ಗೋಡೆ ಹಿಡಿದುಕೊಳ್ಳುವಷ್ಟರಲ್ಲಿ ಅವಳೇ ಕುರ್ಚಿಯಲ್ಲಿ ಕೂತು, ಕೂದಲು ಹಿಂದಕ್ಕೆ ಸವರಿ, ತಲೆ ಎತ್ತಿ ಆ ಹಸಿರು ದೀಪವನ್ನು ನೋಡಿದಳು. ಬೇಡಮ್ಮಾ ಅಂತ ಕೂಗಿದೆ. ದೀಪ ಒಮ್ಮೆ ಆರಿ ಹತ್ತಿತು.

ಪರದೆಯ ಮೇಲೆ ಚಂದುವಿನ ಪಟ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳತೊಡಗಿತು. ಮೊದಲು ಕೂದಲು ಬಂತು, ಎಣ್ಣೆ ಹಚ್ಚಿ ಬಾಚಿದ್ದು. ಆಮೇಲೆ ಹಣೆ ಬಂತು. ಹುಬ್ಬಿನವರೆಗೆ ಬಂದು ನಿಂತಿತು. ಅದರ ಕೆಳಗೆಲ್ಲ ಬೂದಿ ಬಣ್ಣ. ಕಾದೆವು. ಬೂದಿ ಬಣ್ಣದ ಮೇಲೆ ಅದೇ ಚೆನ್ನಾದ ಕನ್ನಡದಲ್ಲಿ ಒಂದು ಸಾಲು ಮೂಡಿತು. "ಉಳಿದದ್ದಕ್ಕೆ ಮನೆಯಲ್ಲಿರುವ ಇನ್ನೊಂದು ಮುಖ ತೋರಿಸಿ."

ನಾನು ತಂತಿಗಳನ್ನೆಲ್ಲ ಸೇರಿಸಿ ಹಿಡಿದು ಕಿತ್ತೆ. ಗೋಡೆಯ ಗಾರೆ ಸಮೇತ ಬಂತು. "ಮೋಸ ಹೋದ್ಯಲ್ಲಮ್ಮಾ" ಅಂತ ಅಳುತ್ತ ತಿರುಗಿದರೆ, ಕುರ್ಚಿಯಲ್ಲಿ ಯಾರೋ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ನಾನು ಅವರನ್ನು ಎಲ್ಲೂ ನೋಡಿದ್ದಿಲ್ಲ.

ಜುಲೇಖಾ ಬಂದು, "ಇವರ್ಯಾರು ಅಕ್ಕಾ? ತುಂಗಮ್ಮೋರು ಎಲ್ಲಿ?" ಅಂದಳು. ಹೊರಗಿನವಳಾದರೂ ಅವಳಿಗೂ ಗುರುತು ಸಿಗಲಿಲ್ಲ. ಹೇಳಿದ ಮೇಲೆ ತಲೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಳು. ಆಮೇಲೆ ಎದ್ದು, ಕ್ಯಾಮೆರಾವನ್ನು ಚಿಮಟಿಗೆಯಿಂದ ಕಿತ್ತು ಕೆಂಡಕ್ಕೆ ಹಾಕಿದಳು. ಬೀಗ ಬಿದ್ದ ಪಟಗಳನ್ನು ಬೇರೆ ತೆಗೆದಿಟ್ಟು, ಯಂತ್ರವನ್ನು ಪೂರ್ತಿ ಒರೆಸಿ, ಎಲ್ಲ ಹೊಸದಾಗಿ ತುಂಬಿದಳು. ಚಂದುವಿನ ಹಣೆಯವರೆಗಿನ ಪಟವನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ನನ್ನ ಗಿರಣಿಯಲ್ಲೇ ಇರಿಸಿದಳು. ಸತ್ತವನು ಅಲೆದರೆ ಅಲೆಯಲಿ, ಮನೆಗೂ ಗಿರಣಿಗೂ ದೂರವೇನಿಲ್ಲ ಅಂದೆ ನಾನು. ಆ ಹೆಂಗಸು ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ.

ಈಗ ದಿನಾ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ಇರುತ್ತಾರೆ. ಯಾರು ಅಂತ ಕೇಳುವಷ್ಟರಲ್ಲಿ "ನಾನು ಕಣೇ, ನಿಮ್ಮಮ್ಮ" ಅನ್ನುತ್ತಾರೆ. ಒಗ್ಗರಣೆಯ ವಾಸನೆ ಅಮ್ಮನದೇ, ಗೊಣಗಾಟ ಅಮ್ಮನದೇ. ನಂಬುತ್ತೇನೆ. ಇಲ್ಲ ಅನ್ನುವುದಿಲ್ಲ. ಕನ್ನಡಿಯ ಮುಂದೆ ನಿಂತರೆ ಅವರಿಗೂ ತಮ್ಮ ಗುರುತು ಹತ್ತುವುದಿಲ್ಲ, ಬೈತಲೆ ಸೊಟ್ಟಗಾಗುತ್ತದೆ, ನಾನೇ ಬಾಚಿ ಕೊಡುತ್ತೇನೆ. ಬಾಚುವಾಗ ಹಿಂದಿನಿಂದ ನಿಂತಿರುತ್ತೇನಲ್ಲ, ಆಗ ಎಷ್ಟೋ ಹಾಯೆನಿಸುತ್ತದೆ. ಬೆನ್ನು ಬದಲಾಗಿಲ್ಲ.

ಆಮೇಲೆ ಅವರು ಕಂಪ್ಯೂಟರಿನ ಮುಂದೆ ಕೂತು ಚಂದುವಿನ ಕೂದಲು, ಹಣೆ ನೋಡುತ್ತಾರೆ. ನೋಡಿ ಮುಗಿಸಿ, "ಬಾ ಇಲ್ಲಿ" ಅಂತ ಕರೆಯುತ್ತಾರೆ. ನಾನು ಹೋಗಿ ಕಿಟಕಿಯ ಹತ್ತಿರ ಬಗ್ಗುತ್ತೇನೆ. ಗದ್ದ ಹಿಡಿದು ನನ್ನನ್ನು ಬೆಳಕಿಗೆ ತಿರುಗಿಸಿ, ಉಳಿದದ್ದನ್ನು ನನ್ನ ಕಣ್ಣಿನಲ್ಲಿ ನೋಡಿಕೊಳ್ಳುತ್ತಾರೆ. ಅವನ ಕಣ್ಣೇ ಅಂತೆ ನನ್ನದು. ಅವರ ಮುಖ ಅರಳುತ್ತದೆ. ಅಷ್ಟು ಹತ್ತಿರದಿಂದ ಆ ಹೊಸ ಮುಖವನ್ನು ನಾನೂ ನೋಡುತ್ತೇನೆ, ಎಲ್ಲಾದರೂ ಏನಾದರೂ ಸಿಕ್ಕೀತೆಂದು.

ಒಂದು ಮಾತು ಕೇಳುವುದು ಉಳಿದಿದೆ. ಅವತ್ತು ಕುರ್ಚಿಯಿಂದ ನನ್ನನ್ನು ಎಬ್ಬಿಸಿದ್ದು ನನ್ನನ್ನು ಉಳಿಸುವುದಕ್ಕೋ, ಅವನ ಕಣ್ಣು ಉಳಿಸಿಕೊಳ್ಳುವುದಕ್ಕೋ? ಅಮ್ಮನ ಮುಖ ನೋಡಿ ಕೇಳಿದ್ದರೆ ಉತ್ತರ ಅಲ್ಲೇ ಗೊತ್ತಾಗುತ್ತಿತ್ತು, ಅವಳ ಮುಖ ಎಂದೂ ಸುಳ್ಳು ಹೇಳಿದ್ದಲ್ಲ. ಈ ಮುಖವನ್ನು ಓದಲು ನನಗೆ ಬರುವುದಿಲ್ಲ. ಗುರುತಿಲ್ಲದವರ ಹತ್ತಿರ ಅಂಥದ್ದನ್ನೆಲ್ಲ ಹೇಗೆ ಕೇಳುವುದು? ಕಾಫಿ ಆಗಿದೆಯಾ ಅಂತ ಕೇಳಿ, ಕುಡಿದು, ಗಿರಣಿಗೆ ಹೋಗುತ್ತೇನೆ.